ಡ್ರೈವರ್ ಸೀಟಿನ ಹಿಂದೆ 24 ಕೆಜಿ ಗಾಂಜಾ: ಕಂಪನಿ ಡೈರೆಕ್ಟರ್‌ಗೆ ಜೈಲಾಗುತ್ತದೆಯೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು 14 ಲಾರಿಗಳ ಪ್ರೈವೇಟ್ ಲಿಮಿಟೆಡ್ ಕಂಪನಿ. ನಾನು ಮ್ಯಾನೇಜಿಂಗ್ ಡೈರೆಕ್ಟರ್, ನನ್ನ ಹೆಂಡತಿ ಮತ್ತು ತಮ್ಮ ಉಳಿದಿಬ್ಬರು ಡೈರೆಕ್ಟರ್‌ಗಳು. ಹೆಂಡತಿ ವರ್ಷಕ್ಕೆರಡು ಸಲ ಕಾಗದಕ್ಕೆ ಸಹಿ ಹಾಕುವುದು ಬಿಟ್ಟರೆ ಆಫೀಸಿನ ಮೆಟ್ಟಿಲು ಹತ್ತಿದವಳಲ್ಲ. ಹತ್ತು ದಿನದ ಹಿಂದೆ ವಿಶಾಖಪಟ್ಟಣದಿಂದ ಉಕ್ಕಿನ ಕಾಯಿಲ್ ತರುತ್ತಿದ್ದ ನಮ್ಮ ಲಾರಿಯನ್ನು ತೆಲಂಗಾಣದಲ್ಲಿ ಪೊಲೀಸರು ತಡೆದರು. ಡ್ರೈವರ್ ಸೀಟಿನ ಹಿಂದೆ ಮಲಗುವ ಬರ್ತಿನ ಕೆಳಗೆ 24 ಕೆಜಿ ಗಾಂಜಾ ಸಿಕ್ಕಿತಂತೆ. ಡ್ರೈವರ್ ಮತ್ತು 19 ವರ್ಷದ ಕ್ಲೀನರ್ ಜೈಲಿನಲ್ಲಿದ್ದಾರೆ. ಡ್ರೈವರ್ ಸ್ಟೇಷನ್ನಿನಿಂದ ಫೋನ್ ಮಾಡಿ, "ಸಾವ್ಕಾರ್ರ, ನನಗೇನೂ ಗೊತ್ತಿಲ್ರಿ" ಅಂದ. ಆದರೆ ಅಂದು ಗಾಡಿ ಹೆದ್ದಾರಿ ಬಿಟ್ಟು ನರಸೀಪಟ್ಟಣದ ಕಡೆ ಹೊರಳಿ ಎರಡೂವರೆ ಗಂಟೆ ನಿಂತಿದ್ದು ಜಿಪಿಎಸ್‌ನಲ್ಲಿದೆ. ಹಿಂದಿನ ತಿಂಗಳೂ ಒಮ್ಮೆ ಹೀಗೇ ಆಗಿತ್ತು, ಡೀಸೆಲ್ ಮಾರಿರಬೇಕು ಅಂದುಕೊಂಡು ಸುಮ್ಮನಾಗಿದ್ದೆವು. ಈಗ ನನಗೆ ನೋಟಿಸ್ ಬಂದಿದೆ. ಜಿಪಿಎಸ್ ದಾಖಲೆ, ವಾಟ್ಸ್ಯಾಪ್ ಎಲ್ಲಾ ಅಳಿಸಿಬಿಡು, ಹೆಂಡತಿಯ ರಾಜೀನಾಮೆ ಹಿಂದಿನ ತಾರೀಕಿಗೆ ಬರೆಸು, ಡ್ರೈವರ್ ಕಂಪನಿಯವನೇ ಅಲ್ಲ ಅನ್ನು ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ನಮಗೆ ಜೈಲಾಗುತ್ತದೆಯೇ? ಸಾಲದ ಮೇಲಿರುವ ಲಾರಿ ವಾಪಸ್ ಬರುತ್ತದೆಯೇ? ಕ್ಲೀನರ್ ಹುಡುಗನ ತಾಯಿ ದಿನಾ ಆಫೀಸಿಗೆ ಬಂದು ಕೂರುತ್ತಾಳೆ, ಆಕೆಗೆ ಏನು ಹೇಳಲಿ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಗೆಳೆಯರು ಹೇಳಿದ ಮೂರರಲ್ಲಿ ಒಂದನ್ನೂ ಮಾಡಬೇಡಿ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಈ ಉತ್ತರ ಓದಿ ಮುಗಿಸುವ ಮುಂಚೆ ಯಾರಾದರೂ ಫೋನ್ ಕೈಗೆತ್ತಿಕೊಂಡು ಅಳಿಸಲು ಕೂತಿದ್ದರೆ ತಡೆಯಿರಿ.

ನೀವು ಎರಡು ಬೇರೆ ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಡೈರೆಕ್ಟರ್‌ಗಳ ಕಥೆ ಏನು ಎಂಬುದು ಒಂದು, ಲಾರಿಯ ಕಥೆ ಏನು ಎಂಬುದು ಇನ್ನೊಂದು. ಎನ್‌ಡಿಪಿಎಸ್ ಕಾಯ್ದೆ, ಅಂದರೆ 1985ರ ಮಾದಕ ವಸ್ತುಗಳ ಕಾಯ್ದೆ, ಇವೆರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ಧಾರವಾಡದಲ್ಲಿ ವಕೀಲಿಕೆ ಮಾಡುತ್ತ ನಾನು ಕಂಡ ಹೆಚ್ಚಿನ ಲಾರಿ ಮಾಲೀಕರು ಎಡವಿದ್ದು ಇಲ್ಲೇ. ತಮ್ಮ ತಲೆ ಉಳಿಸಿಕೊಳ್ಳಲು ಮೊದಲ ದಿನ ಆಡಿದ ಮಾತು ಆರು ತಿಂಗಳ ಮೇಲೆ ಅವರ ಗಾಡಿಗೇ ಮುಳುವಾಗಿರುತ್ತದೆ.

"ಡೈರೆಕ್ಟರ್ ಅಂದಮೇಲೆ ಒಳಗೆ ಹಾಕಿಯೇ ಹಾಕುತ್ತಾರೆ" ಎಂಬುದು ಲಾರಿ ಆಫೀಸುಗಳಲ್ಲಿ ಓಡಾಡುವ ಮಾತು. ಕಾನೂನು ಹಾಗೆ ಹೇಳುವುದಿಲ್ಲ. ಶಾಸನದಲ್ಲಿ ಬರೆದಿದ್ದರೆ ಅಥವಾ ಆ ವ್ಯಕ್ತಿ ತಾನೇ ದುರುದ್ದೇಶದಿಂದ ಕೈಹಾಕಿದ್ದಕ್ಕೆ ಸಾಕ್ಷ್ಯವಿದ್ದರೆ ಮಾತ್ರ ಕಂಪನಿಯ ತಪ್ಪನ್ನು ಡೈರೆಕ್ಟರ್ ತಲೆಗೆ ಕಟ್ಟಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸುನಿಲ್ ಭಾರ್ತಿ ಮಿತ್ತಲ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹಾಗೆ ಬರೆದಿದೆ, ಅದು ಕಲಂ 38. ಅಪರಾಧ ನಡೆದ ಹೊತ್ತಿನಲ್ಲಿ ಕಂಪನಿಯ ವ್ಯವಹಾರದ ಉಸ್ತುವಾರಿ ಯಾರ ಕೈಯಲ್ಲಿತ್ತೋ ಅವರೂ ಕಂಪನಿಯ ಜೊತೆಗೆ ತಪ್ಪಿತಸ್ಥರು ಎನ್ನುತ್ತದೆ. ತನಗೆ ಗೊತ್ತಿಲ್ಲದೆ ನಡೆಯಿತು, ಅಥವಾ ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಎಂದು ಸಾಬೀತು ಮಾಡಿದರೆ ಬಿಡುಗಡೆ.

ಆದರೆ ಕಲಂ 38ರ ಬಾಗಿಲು ತೆರೆಯಬೇಕಾದರೆ ಮೊದಲು ಅದು "ಕಂಪನಿ ಮಾಡಿದ ಅಪರಾಧ" ಆಗಿರಬೇಕು. ನಿಮ್ಮ ಕಂಪನಿಯ ವ್ಯವಹಾರ ಉಕ್ಕಿನ ಕಾಯಿಲ್ ಸಾಗಿಸುವುದು. ಅದಕ್ಕೆ ಬಿಲ್ಟಿ (ಮಾಲು ಸಾಗಣೆಯ ರಸೀದಿ) ಇದೆ, ಇ-ವೇ ಬಿಲ್ ಇದೆ, ಬಾಡಿಗೆ ಕಂಪನಿಯ ಖಾತೆಗೆ ಬರುತ್ತದೆ. ಬರ್ತಿನ ಕೆಳಗಿನ ಮೂಟೆಗೆ ಬಿಲ್ಟಿ ಇಲ್ಲ, ಅದರ ದುಡ್ಡು ನಿಮಗೆ ಬರುವುದೂ ಇಲ್ಲ. ಡ್ರೈವರ್ ತನ್ನ ಜೇಬಿಗಾಗಿ ಹತ್ತಿಸಿಕೊಂಡ ಮಾಲು ಕಂಪನಿಯ ವ್ಯವಹಾರವಲ್ಲ ಎಂಬುದೇ ನಿಮ್ಮ ಮೊದಲ ವಾದ, ಗಟ್ಟಿ ವಾದ ಕೂಡ. ನಿಮ್ಮ ವಕೀಲರು ಇದನ್ನು ಬಿಟ್ಟು ನೇರವಾಗಿ "ನಮ್ಮ ಡೈರೆಕ್ಟರಿಗೆ ಗೊತ್ತಿರಲಿಲ್ಲ" ಎಂಬಲ್ಲಿಂದ ಶುರು ಮಾಡಿದರೆ ಅವರನ್ನು ತಡೆದು ಕೇಳಿ.

ಪೊಲೀಸರು ಸಾಮಾನ್ಯವಾಗಿ ಮಾಲೀಕರ ಮೇಲೆ ಹಾಕುವುದು ಇನ್ನೊಂದು ಕಲಂ, 25. ವಾಹನದ ಮಾಲೀಕ "ಗೊತ್ತಿದ್ದೂ" ಅದನ್ನು ಬಳಸಲು ಬಿಟ್ಟರೆ ಮೂಲ ಅಪರಾಧಕ್ಕೆ ಎಷ್ಟು ಶಿಕ್ಷೆಯೋ ಅಷ್ಟೇ ಅವನಿಗೂ. ಗಾಂಜಾ 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಜೊತೆಗೆ ಕನಿಷ್ಠ 1 ಲಕ್ಷ ರೂಪಾಯಿ ದಂಡ. ಇಲ್ಲಿ ಇಡೀ ಕೇಸು "ಗೊತ್ತಿದ್ದೂ" ಎಂಬ ಒಂದು ಪದದ ಮೇಲೆ ನಿಂತಿರುತ್ತದೆ. ಕಾಯ್ದೆಯ ಕಲಂ 35 ಆರೋಪಿಗೆ ಗೊತ್ತಿತ್ತು ಎಂದೇ ಊಹಿಸಲು ಅವಕಾಶ ಕೊಡುತ್ತದೆ ನಿಜ. ಆದರೆ ಬುನಾದಿಯ ಸಂಗತಿಗಳನ್ನು ಪ್ರಾಸಿಕ್ಯೂಷನ್ ಮೊದಲು ಸಾಬೀತು ಮಾಡಬೇಕು, ಆಮೇಲಷ್ಟೇ ಆ ಊಹೆ ಕೆಲಸ ಮಾಡುತ್ತದೆ. 2011ರಲ್ಲಿ ಪಂಜಾಬಿನ ಲಾರಿಯೊಂದರ ಪಾಲುದಾರ ಮಾಲೀಕನನ್ನು, 2023ರಲ್ಲಿ ಹರಿಯಾಣದ ಒಬ್ಬ ಲಾರಿ ಮಾಲೀಕನನ್ನು ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಖುಲಾಸೆ ಮಾಡಿತು. ಇಬ್ಬರೂ ಗಾಡಿಯಲ್ಲಿರಲಿಲ್ಲ. ಆರ್‌ಸಿ ಪುಸ್ತಕದಲ್ಲಿ ಹೆಸರಿದೆ ಎಂಬುದೊಂದರಿಂದಲೇ "ಗೊತ್ತಿತ್ತು" ಅನ್ನಲಾಗದು.

ನಿಮ್ಮ ಹೆಂಡತಿಯ ವಿಷಯ ಇಷ್ಟು ಚರ್ಚೆಗೂ ಬರಬೇಕಾಗಿಲ್ಲ. ಹೆಸರಿಗೆ ಡೈರೆಕ್ಟರ್ ಆದಮಾತ್ರಕ್ಕೆ ಉಸ್ತುವಾರಿ ಇತ್ತು ಎಂದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಚೆಕ್ ಬೌನ್ಸ್ ಪ್ರಕರಣವೊಂದರಲ್ಲಿ ಹೇಳಿದೆ. ಆ ಕಾಯ್ದೆಯ ಮಾತೂ ಕಲಂ 38ರ ಮಾತೂ ಹೆಚ್ಚುಕಡಿಮೆ ಒಂದೇ. ಅದೇ ತೀರ್ಪು ಇನ್ನೊಂದನ್ನೂ ಹೇಳಿದೆ: ಮ್ಯಾನೇಜಿಂಗ್ ಡೈರೆಕ್ಟರ್ ಹುದ್ದೆಯಲ್ಲಿದ್ದವರು ಹುದ್ದೆಯ ಕಾರಣದಿಂದಲೇ ಉಸ್ತುವಾರಿ ಹೊತ್ತವರು. ಹಾಗಾಗಿ ಪ್ರಶ್ನೆ ಬಂದು ನಿಲ್ಲುವುದು ನಿಮ್ಮ ಮುಂದೆ. ನಿಮ್ಮ ತಮ್ಮ ಗಾಡಿಗಳ ಓಡಾಟ ನೋಡಿಕೊಳ್ಳುವವರಾದರೆ ಅವರ ಮುಂದೆಯೂ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ ಸಾಲಿಗೆ ಬರುತ್ತೇನೆ. "ಹಿಂದಿನ ತಿಂಗಳೂ ಹೀಗೇ ಆಗಿತ್ತು." ಕಲಂ 38ರ ಎರಡನೇ ಭಾಗದಲ್ಲಿ ಒಪ್ಪಿಗೆ, ಶಾಮೀಲು ಎಂಬುದರ ಪಕ್ಕದಲ್ಲೇ "ನಿರ್ಲಕ್ಷ್ಯ" ಎಂಬ ಪದವೂ ಇದೆ. ಅಪರಾಧ ಕಂಪನಿಯದು ಎಂದಾದರೆ ಡೈರೆಕ್ಟರಿನ ನಿರ್ಲಕ್ಷ್ಯವೇ ಅವನನ್ನು ಸಿಕ್ಕಿಸಲು ಸಾಕು. ಆಂಧ್ರ–ಒಡಿಶಾ ಗಡಿಯ ಕಾಡುಸೀಮೆಯಿಂದ ಗಾಂಜಾ ಇಳಿದು ಬರುವುದು ಪೊಲೀಸರಿಗೆ ಗೊತ್ತು, ಆ ದಾರಿಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತು. ಉಕ್ಕು ತುಂಬಿದ ಗಾಡಿಗೆ ಆ ಸೀಮೆಯ ದಾರಿಯಲ್ಲಿರುವ ನರಸೀಪಟ್ಟಣದ ಕಡೆ ಏನು ಕೆಲಸ ಎಂದು ತನಿಖಾಧಿಕಾರಿ ಕೇಳಿಯೇ ಕೇಳುತ್ತಾರೆ.

ಹಿಂದೆ ನಾನು ನಡೆಸಿದ ಒಂದು ಕೇಸಿನಲ್ಲಿ, ಯಾವ ಕಂಪನಿ ಎಂಬುದು ಬೇಡ, ಡ್ರೈವರ್ ರಾತ್ರಿ 1.40ಕ್ಕೆ ಸೂಪರ್‌ವೈಸರಿಗೆ "ಅಣ್ಣಾ ಸ್ವಲ್ಪ ಲೇಟ್ ಆಗ್ತದ, ಒಂದು ಕಡೆ ಹೋಗಿ ಬರ್ತೀನಿ" ಎಂದು ಮೆಸೇಜ್ ಹಾಕಿದ್ದ. ಸೂಪರ್‌ವೈಸರ್ ನಿದ್ದೆಗಣ್ಣಲ್ಲಿ ಹೆಬ್ಬೆರಳಿನ ಚಿತ್ರ ಒತ್ತಿ ಮಲಗಿದ. ಆ ಒಂದು ಹೆಬ್ಬೆರಳಿನ ಪ್ರಿಂಟ್‌ಔಟ್ ಚಾರ್ಜ್‌ಶೀಟಿನ ಜೊತೆ ಬಂತು. ಸೂಪರ್‌ವೈಸರ್ ಕೊನೆಗೆ ಖುಲಾಸೆಯಾದ, ಆದರೆ ಅದಕ್ಕೆ ಮುಂಚೆ ಅವನ ಬದುಕಿನ ಒಳ್ಳೆಯ ವರ್ಷಗಳು ಕೋರ್ಟಿನ ವರಾಂಡದಲ್ಲಿ ಕಳೆದುಹೋದವು.

ನಿಮ್ಮ ಸಂಗತಿ ಅಷ್ಟು ಕೆಟ್ಟದಾಗಿಲ್ಲ ಎಂದೇ ನನ್ನ ಅಂದಾಜು. ಡೀಸೆಲ್ ಕಳವಿನ ಅನುಮಾನವೇ ಬೇರೆ, ಗಾಂಜಾದ ಅರಿವೇ ಬೇರೆ. ಮೊದಲ ಸಲ ಹೊರಳಿದಾಗ ನೀವು ಡ್ರೈವರನ್ನು ಕೇಳಿದ್ದಿರೇ? ಡೀಸೆಲ್ ಲೆಕ್ಕ ತಾಳೆ ನೋಡಿದ್ದಿರೇ? ಬತ್ತಾದಲ್ಲಿ ಕಡಿತ ಮಾಡಿದ್ದಿರೇ? ಮಾಡಿದ್ದರೆ ಟ್ರಿಪ್ ಶೀಟಿನಲ್ಲೋ ಲೆಡ್ಜರಿನಲ್ಲೋ ಅದರ ಗುರುತು ಇರುತ್ತದೆ. ಆ ಗುರುತೇ ಇವತ್ತು ನಿಮ್ಮ ದೊಡ್ಡ ಸಾಕ್ಷಿ, ಏಕೆಂದರೆ ಗಾಂಜಾ ಎಂದು ಗೊತ್ತಿದ್ದವನು ಡೀಸೆಲ್ ಲೆಕ್ಕ ಕೇಳುತ್ತಾ ಕೂರುವುದಿಲ್ಲ.

ಅಳಿಸಬೇಡಿ ಎಂದದ್ದು ಇದಕ್ಕೇ. ಜಿಪಿಎಸ್ ಮಾಹಿತಿ ನಿಮ್ಮ ಫೋನಿನಲ್ಲಿ ಮಾತ್ರ ಇರುವುದಿಲ್ಲ, ಸೇವೆ ಕೊಡುವ ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ವಾಟ್ಸ್ಯಾಪ್ ಮಾತು ಡ್ರೈವರ್ ಫೋನಿನಲ್ಲೂ ಇದೆ, ಆ ಫೋನು ಈಗಾಗಲೇ ಪೊಲೀಸರ ಹತ್ತಿರವಿದೆ. ನೀವು ಅಳಿಸಿದರೆ ಉಳಿಯುವುದು ನೀವು ಅಳಿಸಿದಿರಿ ಎಂಬ ಸಂಗತಿ ಮಾತ್ರ. ಸಾಕ್ಷ್ಯ ನಾಶ ಭಾರತೀಯ ನ್ಯಾಯ ಸಂಹಿತೆಯ ಕಲಂ 238ರಲ್ಲಿ, ದಾಖಲೆ ಮತ್ತು ಎಲೆಕ್ಟ್ರಾನಿಕ್ ಕಡತ ನಾಶ ಕಲಂ 241ರಲ್ಲಿ ತಾನೇ ಒಂದು ಅಪರಾಧ. ಅದಕ್ಕೂ ಮಿಗಿಲಾಗಿ, "ಗೊತ್ತಿದ್ದೂ" ಎಂಬುದಕ್ಕೆ ಪ್ರಾಸಿಕ್ಯೂಷನ್‌ಗೆ ಇಲ್ಲದ ಸಾಕ್ಷಿಯನ್ನು ನೀವೇ ಒದಗಿಸಿದಂತಾಗುತ್ತದೆ. ನೀವು ಮಾಡಬೇಕಾದ್ದು ಇದರ ತದ್ವಿರುದ್ಧ: ಜಿಪಿಎಸ್ ಕಂಪನಿಗೆ ಇವತ್ತೇ ಪತ್ರ ಬರೆದು ಕಳೆದ ಆರು ತಿಂಗಳ ಮಾಹಿತಿಯನ್ನು ತೆಗೆದಿರಿಸಲು ಹೇಳಿ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದೊಡನೆ (ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟು ಒಪ್ಪಲು ಬೇಕಾದದ್ದು) ಒಂದು ಪ್ರತಿ ಪಡೆಯಿರಿ. ಹಳೆಯ ಮಾಹಿತಿಯನ್ನು ಇವರು ಬಹಳ ದಿನ ಇಟ್ಟುಕೊಳ್ಳುವುದಿಲ್ಲ.

ಹಿಂದಿನ ತಾರೀಕಿನ ರಾಜೀನಾಮೆಯೂ ಅಷ್ಟೇ ಅಪಾಯ. ಡೈರೆಕ್ಟರ್ ಬಿಟ್ಟದ್ದನ್ನು ಕಂಪನಿ ಡಿಐಆರ್-12 ನಮೂನೆಯಲ್ಲಿ 30 ದಿನದೊಳಗೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು, ಆ ನಮೂನೆ ಯಾವ ದಿನ ಸಲ್ಲಿಕೆಯಾಯಿತು ಎಂಬುದು ಪೋರ್ಟಲಿನಲ್ಲಿ ಅಚ್ಚೊತ್ತಿದಂತೆ ಉಳಿಯುತ್ತದೆ. ಕಲಂ 38 ನೋಡುವುದು "ಅಪರಾಧ ನಡೆದ ಹೊತ್ತಿನಲ್ಲಿ" ಯಾರಿದ್ದರು ಎಂದು. ನಿಮ್ಮ ಹೆಂಡತಿಗೆ ಇವತ್ತು ಒಳ್ಳೆಯ ರಕ್ಷಣೆ ಇದೆ, ಸುಳ್ಳು ಕಾಗದ ಅದನ್ನೂ ಕೆಡಿಸುತ್ತದೆ. ಇನ್ನು ಡ್ರೈವರ್ ನಮ್ಮವನಲ್ಲ ಎಂಬ ಮಾತು. ಅವನಿಗೆ ಯುಪಿಐನಲ್ಲಿ ಹೋದ ಬತ್ತಾ, ಡೀಸೆಲ್ ದುಡ್ಡು, ಫಾಸ್ಟ್‌ಟ್ಯಾಗ್ ಎಲ್ಲವೂ ಅವನು ನಿಮ್ಮವನೇ ಎಂದು ಹೇಳುತ್ತವೆ. ಒಂದು ಸುಳ್ಳು ಸಿಕ್ಕರೆ ನೀವು ಹೇಳುವ ಹತ್ತು ನಿಜವನ್ನೂ ನ್ಯಾಯಾಧೀಶರು ನಂಬಲಾರರು.

ಬಂಧನದ ಭಯದ ಬಗ್ಗೆ ನಿಮಗೆ ಸಮಾಧಾನದ ಮಾತು ಹೇಳಿ ಮುಗಿಸಲಾರೆ. ಕೊನೆಗೆ ಖುಲಾಸೆ ಆಗುತ್ತದೆ ಎಂಬುದು ಒಂದು, ಈ ವಾರ ಬಂಧಿಸುವುದಿಲ್ಲ ಎಂಬುದು ಇನ್ನೊಂದು. ಡ್ರೈವರ್ ಪೊಲೀಸರ ಮುಂದೆ "ಸಾವ್ಕಾರರೇ ಕಳಿಸಿದ್ದು" ಎಂದು ಹೇಳಿಕೆ ಕೊಟ್ಟರೆ ವಿಚಾರಣೆಯಲ್ಲಿ ಅದು ನಿಲ್ಲುವುದಿಲ್ಲ. ಈ ಕಾಯ್ದೆಯಡಿ ಅಧಿಕಾರಿಗಳ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿದೆ. ಆದರೂ ಆ ಹೇಳಿಕೆಯ ಬೆನ್ನು ಹಿಡಿದು ಬಂಧನ ಆಗಬಹುದು. ವಾಣಿಜ್ಯ ಪ್ರಮಾಣವೆಂದರೆ ಕಲಂ 37 ಅಡ್ಡ ಬರುತ್ತದೆ: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಗೆ ಬಿಟ್ಟರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನು ಇಲ್ಲ. ಚಾರ್ಜ್‌ಶೀಟ್ ಹಾಕಲು ಪೊಲೀಸರಿಗೆ 180 ದಿನ ಸಮಯವಿದೆ.

ಹಾಗಾಗಿ ನೋಟಿಸ್ ಹಿಡಿದುಕೊಂಡು ಮೊದಲು ವಕೀಲರ ಬಳಿ ಹೋಗಿ. ಅದರಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) ಕಲಂ 179 ಎಂದಿದ್ದರೆ ಸಾಕ್ಷಿಯಾಗಿ ಕರೆದಿದ್ದಾರೆ, 94 ಎಂದಿದ್ದರೆ ದಾಖಲೆ ಕೇಳಿದ್ದಾರೆ, 35(3) ಎಂದಿದ್ದರೆ ನಿಮ್ಮ ಮೇಲೇ ಅನುಮಾನವಿದೆ. ಮೂರನೆಯದಾದರೆ ನಿರೀಕ್ಷಣಾ ಜಾಮೀನಿನ ಅರ್ಜಿ ತಡಮಾಡಬೇಡಿ. ಕೇಸು ತೆಲಂಗಾಣದ್ದು, ನೀವಿರುವುದು ಹುಬ್ಬಳ್ಳಿಯಲ್ಲಿ. ಬೇರೆ ರಾಜ್ಯದಲ್ಲಿ ಎಫ್‌ಐಆರ್ ಆಗಿದ್ದರೂ, ಅಲ್ಲಿನ ಕೋರ್ಟಿಗೆ ಹೋಗುವಷ್ಟು ದಿನದ ಮಟ್ಟಿಗೆ ಇಲ್ಲಿನ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್ ರಕ್ಷಣೆ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2023ರ ನವೆಂಬರಿನಲ್ಲಿ, ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಹೇಳಿದೆ. ಎಫ್‌ಐಆರ್ ರದ್ದು ಮಾಡಿಸಲು ಈಗಲೇ ಹೈಕೋರ್ಟಿಗೆ ಓಡಬೇಕೆಂದು ಕೆಲವರು ಹೇಳಬಹುದು. ನನ್ನ ಅನುಭವದಲ್ಲಿ ಅದು ಅವಸರ. ತನಿಖೆ ಮುಗಿಯಲಿ ಎಂದು ಅರ್ಜಿ ತಿರಸ್ಕೃತವಾದರೆ ಆ ಆದೇಶದಲ್ಲಿನ ಒಂದೆರಡು ಸಾಲು ಮುಂದೆ ಜಾಮೀನಿಗೂ ತೊಡಕಾಗುತ್ತವೆ. ಚಾರ್ಜ್‌ಶೀಟ್ ಬಂದ ಮೇಲೆ ಅದರಲ್ಲಿ ನಿಮ್ಮ ವಿರುದ್ಧ ಏನೂ ಇಲ್ಲದಿದ್ದರೆ ಆಗ ಹೋಗುವುದು ಮೇಲು.

ವಕೀಲರಿಗೆ ಇನ್ನೊಂದು ಸಂಗತಿ ನೆನಪಿಸಿ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಂದ ಬೇರ್ಪಟ್ಟ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. 24 ಕೆಜಿ ತೂಗುವಾಗ ಗೋಣಿಚೀಲ, ಕಡ್ಡಿ, ಎಲೆ ಎಲ್ಲ ಸೇರಿಸಿ ತೂಗಿದ್ದರೇ ಎಂಬುದನ್ನು ಪಂಚನಾಮೆಯಲ್ಲಿ ನೋಡಬೇಕು. 20 ಕೆಜಿಯ ಗೆರೆಯ ಕೆಳಗೆ ಬಂದರೆ ಜಾಮೀನಿನ ಲೆಕ್ಕವೇ ಬದಲಾಗುತ್ತದೆ, ಜೈಲಿನಲ್ಲಿರುವ ಆ ಇಬ್ಬರಿಗೂ.

ಇನ್ನು ಲಾರಿ. ಇಲ್ಲಿ ಕಾನೂನು ನಿಮ್ಮ ಮೇಲೆ ಹೆಚ್ಚು ಕಠಿಣ. ಕಲಂ 60ರ ಪ್ರಕಾರ ಮಾದಕ ವಸ್ತು ಸಾಗಿಸಿದ ವಾಹನ ಮುಟ್ಟುಗೋಲಿಗೆ ಗುರಿ. ತಪ್ಪಿಸಿಕೊಳ್ಳಬೇಕಾದರೆ ಮಾಲೀಕನೇ ಸಾಬೀತು ಮಾಡಬೇಕು: ತನಗೆ ಗೊತ್ತಿರಲಿಲ್ಲ, ತನ್ನ ಏಜೆಂಟನಿಗೆ ಗೊತ್ತಿರಲಿಲ್ಲ, ವಾಹನದ ಉಸ್ತುವಾರಿಯಲ್ಲಿದ್ದವನಿಗೂ ಗೊತ್ತಿರಲಿಲ್ಲ, ಮೂವರೂ ತಕ್ಕ ಎಚ್ಚರ ವಹಿಸಿದ್ದರು. ಉಸ್ತುವಾರಿಯಲ್ಲಿದ್ದವನು ಎಂದರೆ ನಿಮ್ಮ ಡ್ರೈವರ್. ನೀವು ಮೊದಲ ದಿನವೇ "ಎಲ್ಲಾ ಡ್ರೈವರನದೇ ಕೆಲಸ, ಅವನಿಗೆ ಎಲ್ಲಾ ಗೊತ್ತು" ಎಂದು ಬರೆದುಕೊಟ್ಟರೆ ನೀವು ಪಾರಾಗಬಹುದು, ಲಾರಿ ಪಾರಾಗುವ ದಾರಿಯನ್ನು ನೀವೇ ಮುಚ್ಚಿದಂತೆ. ಡ್ರೈವರ್ "ಗೊತ್ತಿಲ್ರಿ" ಅಂದಿದ್ದಾನೆ. ಅದು ನಿಜವೂ ಇರಬಹುದು, ಬ್ರೋಕರ್ ಆಳುಗಳು ಕ್ಯಾಬಿನ್‌ನಲ್ಲಿ ಮಾಲು ತುರುಕಿದ ಕೇಸುಗಳನ್ನು ನಾನು ಕಂಡಿದ್ದೇನೆ. ನಿಮಗೆ ಗೊತ್ತಿರುವುದಿಷ್ಟೇ: ನಿಮಗೆ ಗೊತ್ತಿರಲಿಲ್ಲ. ಅಷ್ಟನ್ನೇ ಹೇಳಿ. ಡ್ರೈವರ್ ಮನಸ್ಸಿನಲ್ಲೇನಿತ್ತು ಎಂದು ನಿಮ್ಮ ಬಾಯಿಂದ ಬರಬಾರದು.

ಕೇಸು ಮುಗಿಯುವ ತನಕ ಲಾರಿಯನ್ನು ಮಧ್ಯಂತರವಾಗಿ ಬಿಡಿಸಿಕೊಳ್ಳುವುದು ಸಾಧ್ಯ. ಎನ್‌ಡಿಪಿಎಸ್ ಕೇಸಿನ ಗಾಡಿ ಬಿಡುವುದೇ ಇಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಅಸ್ಸಾಮಿನ ಲಾರಿಯೊಂದರ ಪ್ರಕರಣದಲ್ಲಿ ತಳ್ಳಿಹಾಕಿತು. ಆದರೆ ಅದೇ ತೀರ್ಪು, ಗಾಡಿಯಲ್ಲಿದ್ದ ಮೂರನೆಯವನ ಬಳಿ ಮಾಲು ಸಿಕ್ಕರೆ ಅಥವಾ ಗಾಡಿ ಕಳವಾಗಿದ್ದರೆ ಸಾಮಾನ್ಯವಾಗಿ ಬಿಡಬೇಕು, ಮಾಲೀಕ ಅಥವಾ ಅವನ ಡ್ರೈವರ್–ಕ್ಲೀನರ್ ಬಳಿಯೇ ಸಿಕ್ಕರೆ ಸುಲಭವಾಗಿ ಬಿಡಲಾಗದು ಎಂದು ಗೆರೆ ಎಳೆದಿದೆ. ನಿಮ್ಮದು ಎರಡನೆಯ ಗುಂಪಿಗೆ ಬೀಳುತ್ತದೆ. ನಿಮ್ಮ ನೆರವಿಗೆ ಬರುವುದು ಅದೇ ವರ್ಷದ ಅಕ್ಟೋಬರಿನ ಇನ್ನೊಂದು ತೀರ್ಪು. ಅಲ್ಲಿ ಕಬ್ಬಿಣದ ಹಾಳೆ ಹೊತ್ತು ತಮಿಳುನಾಡಿಗೆ ಬಂದ ಲಾರಿಯಲ್ಲಿ 6 ಕೆಜಿ ಗಾಂಜಾ ಸಿಕ್ಕಿತ್ತು, ಮಾಲೀಕ ಆರೋಪಿಯಾಗಿರಲಿಲ್ಲ, ಲಾರಿಯನ್ನು ಬಿಡಲು ಕೋರ್ಟ್ ಹೇಳಿತು. ಆದ್ದರಿಂದ ನೀವು ಆರೋಪಿಯಾಗದೆ ಉಳಿಯುವುದು ಲಾರಿಗೂ ಮುಖ್ಯ. ಅರ್ಜಿಯನ್ನು ಕಂಪನಿಯ ಹೆಸರಿನಲ್ಲಿ, ಬೋರ್ಡ್ ನಿರ್ಣಯದೊಂದಿಗೆ, ಬಿಲ್ಟಿ, ಇ-ವೇ ಬಿಲ್, ಟ್ರಿಪ್ ಶೀಟ್, ಸಾಲದ ಕಾಗದ ಲಗತ್ತಿಸಿ ವಿಶೇಷ ನ್ಯಾಯಾಲಯದಲ್ಲಿ ಹಾಕಿಸಿ. ಸ್ಟೇಷನ್ ಮುಂದೆ ಮಳೆಬಿಸಿಲಿಗೆ ನಿಂತ ಗಾಡಿ ಒಂದು ವರ್ಷದಲ್ಲಿ ಏನಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಂತು ನಿಲ್ಲುವುದಿಲ್ಲ, ಫೈನಾನ್ಸ್ ಕಂಪನಿಗೆ ಪತ್ರ ಬರೆದು ತಿಳಿಸಿ. ಮುಟ್ಟುಗೋಲಿನ ವಿಚಾರಣೆಯಲ್ಲಿ ಹಕ್ಕು ಹೇಳಲು ಅವರಿಗೂ ಅವಕಾಶವಿದೆ.

ಉಕ್ಕಿನ ಕಾಯಿಲ್ ಬೇಗ ಬಿಡುಗಡೆಯಾಗಬೇಕು. ಮಾದಕ ವಸ್ತು ಬಚ್ಚಿಡಲು ಬಳಸಿದ ಸರಕನ್ನೂ ಮುಟ್ಟುಗೋಲು ಹಾಕಬಹುದು ಎಂದು ಕಲಂ 61 ಹೇಳುತ್ತದೆ, ಆದರೆ ನಿಮ್ಮಲ್ಲಿ ಮೂಟೆ ಸಿಕ್ಕಿದ್ದು ಕ್ಯಾಬಿನ್‌ನಲ್ಲಿ. ಮಾಲಿನ ಪಾರ್ಟಿಯಿಂದ ಬೇರೆ ಅರ್ಜಿ ಹಾಕಿಸಿ.

ಉಳಿದ 13 ಗಾಡಿಗಳ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡ್ರೈವರುಗಳಿಂದ "ಅಕ್ರಮ ಮಾಲು ಸಾಗಿಸುವುದಿಲ್ಲ" ಎಂದು ಒಂದು ಹಾಳೆಗೆ ಸಹಿ ಹಾಕಿಸಿ ಫೈಲಿಗೆ ಸೇರಿಸಿದರೆ ಎಚ್ಚರ ವಹಿಸಿದಂತಾಗುವುದಿಲ್ಲ. ಲೋಡ್ ಆದ ಮೇಲೆ ಬರ್ತ್, ಟೂಲ್ ಬಾಕ್ಸ್, ಸ್ಟೆಪ್ನಿ, ತಾಡಪತ್ರಿಯ ಫೋಟೋ ತೆಗೆದು ಗ್ರೂಪಿಗೆ ಹಾಕುವುದು, ದಾರಿ ತಪ್ಪಿದ ಪ್ರತಿ ಅಲರ್ಟ್‌ಗೆ ಯಾರು ಫೋನ್ ಮಾಡಿದರು, ಏನು ಉತ್ತರ ಬಂತು ಎಂದು ಒಂದು ಸಾಲು ಬರೆದಿಡುವುದು, ಎರಡನೇ ಸಲ ಹೊರಳಿದ ಗಾಡಿಯನ್ನು ದಾರಿಯಲ್ಲೇ ತಪಾಸಣೆ ಮಾಡಿಸುವುದು, ಇಷ್ಟು ನಡೆಯಬೇಕು. ಅಲರ್ಟ್ ಬರುತ್ತಿದ್ದೂ ಯಾರೂ ನೋಡದ ಜಿಪಿಎಸ್ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಅನುಮಾನ ಬಂದರೆ ಕೇಂದ್ರದ 1933 ಸಹಾಯವಾಣಿಗೆ ಕರೆ ಮಾಡಿ, ಮಾಡಿದ ಹೊತ್ತನ್ನು ಬರೆದಿಡಿ.

ಕೊನೆಗೆ ಆ ತಾಯಿ. ಹುಡುಗನಿಗೆ ವಕೀಲರನ್ನು ಹಿಡಿಯಲು ನೀವು ದುಡ್ಡು ಕೊಡುವುದು ತಪ್ಪಲ್ಲ. ಕೊಡಿ ಎಂದೇ ನಾನು ಹೇಳುತ್ತೇನೆ. ಆದರೆ ಚೆಕ್ ಮೂಲಕ, ಲೆಕ್ಕದಲ್ಲಿ ತೋರಿಸಿ ಕೊಡಿ. ವಕೀಲರು ನಿಮ್ಮವರೇ ಆಗಬಾರದು, ಡ್ರೈವರಿನವರೂ ಆಗಬಾರದು. ಮೂವರ ಹಿತ ಬೇರೆ ಬೇರೆ, ಹುಡುಗನ ಪರವಾಗಿ ಮಾತ್ರ ಮಾತಾಡುವವರು ಒಬ್ಬರು ಬೇಕು. ವಕಾಲತ್ತಿಗೆ ಸಹಿ ಹುಡುಗನದೇ ಇರಲಿ. ದುಡ್ಡು ಕೊಡಲು ಆಗದಿದ್ದರೆ ಜೈಲಿನಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಆಕೆಯ ಕೈಯಲ್ಲಿ ಒಂದು ಅರ್ಜಿ ಬರೆಸಿ ಕಳಿಸಿ. ಹುಡುಗ ಏನು ಹೇಳಬೇಕು, ಏನು ಹೇಳಬಾರದು ಎಂಬ ಮಾತು ಮಾತ್ರ ಆಕೆಯೊಡನೆ ಎತ್ತಲೇಬೇಡಿ. ಆಕೆ ಮತ್ತೆ ಬಂದಾಗ ಮಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ತರಲು ಹೇಳಿ. 19 ವರ್ಷ ಎಂದು ಎಲ್ಲರೂ ಹೇಳುತ್ತಿದ್ದಾರೆ, ಆದರೆ ಕ್ಲೀನರ್ ಹುಡುಗರ ವಯಸ್ಸನ್ನು ಬಾಯಿಮಾತಿನಲ್ಲಿ ಎರಡು ವರ್ಷ ಹೆಚ್ಚು ಹೇಳುವುದು ಲಾರಿ ಲೈನಿನಲ್ಲಿ ಸಾಮಾನ್ಯ. ಅವನಿಗೆ 18 ತುಂಬಿಲ್ಲದಿದ್ದರೆ ಕೇಸು ಬಾಲನ್ಯಾಯ ಮಂಡಳಿಗೆ ಹೋಗಬೇಕು, ಅವನು ಇವತ್ತು ಆ ಜೈಲಿನಲ್ಲಿ ಇರಲೇಬಾರದು.